ಜಾಲತಾಣದ ಅಂಗಡಿ: ಬಾಗಿಲು ತೆರೆದ ಮೇಲೆ ಆರಂಭವಾಗುವ ಲೆಕ್ಕ

ಬೆಂಗಳೂರು: ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಗೆ ಈಗ ಮೂರನೆಯ ಮಾತೊಂದನ್ನು ಸೇರಿಸಬಹುದು: ವೆಬ್‌ಸೈಟ್ ಮಾಡಿಸಿ ನೋಡು. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಮೊಳಕಾಲ್ಮೂರಿನ ರೇಷ್ಮೆ, ಸಂಡೂರಿನ ಲಂಬಾಣಿ ಕಸೂತಿ ಇವುಗಳನ್ನು ಹೊಸ ವಿನ್ಯಾಸದ ಉಡುಪುಗಳನ್ನಾಗಿಸಿ ಮಾರುವ ಪುಟ್ಟ ಬ್ರ್ಯಾಂಡುಗಳು ರಾಜ್ಯದ ನಗರಗಳಲ್ಲಿ ಕಾಣಿಸಿಕೊಂಡಿವೆ. ಮನೆಯ ಒಂದು ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರಗಳೊಂದಿಗೆ ಆರಂಭವಾಗಿ, ಇನ್‌ಸ್ಟಾಗ್ರಾಂ ಮತ್ತು ವಾಟ್ಸಾಪ್ ಮೂಲಕ ಗಿರಾಕಿಗಳನ್ನು ಕಂಡುಕೊಂಡ ಇಂಥ ಉದ್ಯಮಗಳಿಗೆ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆ ಒಂದೇ. ಸ್ವಂತ ಜಾಲತಾಣ ಬೇಕೆ? ಬೇಕಾದರೆ ಅದಕ್ಕೆ ಎಷ್ಟು ಹಣ?

ಸಾಮಾನ್ಯವಾಗಿ ಈ ಪ್ರಶ್ನೆಯನ್ನು ಕೇಳುವ ಕ್ರಮವೇ ತಪ್ಪಾಗಿರುತ್ತದೆ. ತಾಣವನ್ನು ಕಟ್ಟುವವರ ಬಳಿಗೆ ಹೋಗಿ ದರ ವಿಚಾರಿಸುವುದು, ಮೂವರಲ್ಲಿ ಕಡಿಮೆ ಹೇಳಿದವರಿಗೆ ಕೆಲಸ ಒಪ್ಪಿಸುವುದು, ಕೈಯಲ್ಲಿದ್ದ ಉಳಿತಾಯವನ್ನೆಲ್ಲ ಅದಕ್ಕೇ ಸುರಿಯುವುದು, ಉದ್ಘಾಟನೆಯ ದಿನ ಸಿಹಿ ಹಂಚುವುದು. ಕಟ್ಟುವ ಖರ್ಚು ಲೆಕ್ಕದ ಮೊದಲ ಪುಟ ಮಾತ್ರ. ಉಳಿದ ಪುಟಗಳು ತಾಣದ ಬಾಗಿಲು ತೆರೆದ ಮೇಲೆ ಬರೆಯಲ್ಪಡುತ್ತವೆ, ಮತ್ತು ಅಷ್ಟು ಹೊತ್ತಿಗೆ ಹಲವರ ಕೈ ಬರಿದಾಗಿರುತ್ತದೆ.

2025ರಲ್ಲಿ ನಡೆದ ಮೂರು ಬದಲಾವಣೆಗಳು ಈ ಲೆಕ್ಕವನ್ನು ಮತ್ತಷ್ಟು ಸೂಕ್ಷ್ಮಗೊಳಿಸಿವೆ. ಸೆಪ್ಟೆಂಬರ್ 22ರಿಂದ ಹೊಲಿದ ಉಡುಪುಗಳ ಜಿಎಸ್‌ಟಿ ದರ ಬದಲಾಯಿತು. ಅದಕ್ಕೂ ಮೊದಲು ಆಗಸ್ಟ್ 29ರಿಂದ ಅಮೆರಿಕವು 800 ಡಾಲರ್‌ವರೆಗಿನ ಸಣ್ಣ ಪಾರ್ಸೆಲ್‌ಗಳಿಗೆ ನೀಡುತ್ತಿದ್ದ ಸುಂಕ ವಿನಾಯಿತಿಯನ್ನು ರದ್ದುಪಡಿಸಿತು. ಭಾರತೀಯ ಅಂಚೆ ಇಲಾಖೆಯು ಆ ದೇಶಕ್ಕೆ ಹೋಗುವ ಬಹುತೇಕ ಪಾರ್ಸೆಲ್‌ಗಳ ಸ್ವೀಕಾರವನ್ನು ಅಕ್ಟೋಬರ್ ಮಧ್ಯದವರೆಗೆ ನಿಲ್ಲಿಸಬೇಕಾಯಿತು. ನವೆಂಬರ್‌ನಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ನಿಯಮಾವಳಿ ಪ್ರಕಟವಾಯಿತು. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಕನ್ನಡಿಗರಿಗೆ ದೀಪಾವಳಿಗೆಂದು ಇಳಕಲ್ ಸೀರೆ ಕಳಿಸುವ ಪುಟ್ಟ ವ್ಯಾಪಾರಿಗೆ ಈ ಮೂರೂ ನೇರವಾಗಿ ತಟ್ಟುವಂಥವು.

ಬೂ ಡಾಟ್ ಕಾಮ್ ಕಲಿಸಿದ ಪಾಠ

ಉಡುಪಿನ ಜಾಲತಾಣಗಳ ಚರಿತ್ರೆಯಲ್ಲಿ ಎಲ್ಲರೂ ನೆನೆಯುವ ಸೋಲು ಲಂಡನ್‌ನ ಬೂ ಡಾಟ್ ಕಾಮ್‌ನದು. ಸ್ವೀಡನ್ ಮೂಲದ ಅರ್ನ್ಸ್ಟ್ ಮಾಲ್ಮ್‌ಸ್ಟೆನ್, ಕಾಯ್ಸಾ ಲಿಯಾಂಡರ್ ಮತ್ತು ಪ್ಯಾಟ್ರಿಕ್ ಹೆಡೆಲಿನ್ ಸ್ಥಾಪಿಸಿದ ಈ ಸಂಸ್ಥೆ 1999ರ ಮೇ ತಿಂಗಳಲ್ಲಿ ಆರಂಭವಾಗಬೇಕಿತ್ತು. ಆರಂಭವಾದದ್ದು ಅದೇ ವರ್ಷದ ನವೆಂಬರ್‌ನಲ್ಲಿ. ಒಂದೇ ಬಾರಿಗೆ 18 ದೇಶಗಳಲ್ಲಿ, ಹಲವು ಭಾಷೆಗಳಲ್ಲಿ, ಹಲವು ನಾಣ್ಯಗಳಲ್ಲಿ ಅಂಗಡಿ ತೆರೆಯುವ ಮಹತ್ವಾಕಾಂಕ್ಷೆ ಅದರದ್ದಾಗಿತ್ತು. ಉಡುಪನ್ನು ತಿರುಗಿಸಿ ನೋಡುವ ಸೌಲಭ್ಯವಿತ್ತು, ಗಿರಾಕಿಗೆ ಸಲಹೆ ನೀಡಲು ಮಿಸ್ ಬೂ ಎಂಬ ಚಿತ್ರಗೊಂಬೆಯೂ ಇತ್ತು. ದೂರವಾಣಿ ತಂತಿಯ ಮೂಲಕ ಆಮೆವೇಗದಲ್ಲಿ ಅಂತರ್ಜಾಲ ಬಳಸುತ್ತಿದ್ದ ಅಂದಿನ ಜನರಿಗೆ ಆ ಪುಟಗಳು ತೆರೆದುಕೊಳ್ಳುವುದೇ ದುಸ್ತರವಾಗಿತ್ತು.

2000ದ ಮೇ ತಿಂಗಳಲ್ಲಿ ಸಂಸ್ಥೆ ಮುಚ್ಚಿತು. ಅಷ್ಟರಲ್ಲಿ ಕರಗಿದ ಮೊತ್ತ ಸುಮಾರು 13.5 ಕೋಟಿ ಡಾಲರ್. ಅದರ ತಂತ್ರಾಂಶ ಕೊನೆಗೆ ಮಾರಾಟವಾದದ್ದು ಕೇವಲ ಎರಡೂವರೆ ಲಕ್ಷ ಪೌಂಡ್‌ಗಳಿಗೆ. ಇದರಲ್ಲಿ ಸಣ್ಣ ಉದ್ಯಮಿ ಗಮನಿಸಬೇಕಾದ ಸಂಗತಿಯೊಂದಿದೆ. ಕಟ್ಟಲು ತಗುಲಿದ ಹಣಕ್ಕೂ ಕಟ್ಟಿದ್ದರ ಮಾರುಕಟ್ಟೆ ಬೆಲೆಗೂ ಸಂಬಂಧವಿರುವುದಿಲ್ಲ. ಮನೆ ಕಟ್ಟಿದವನು ಸೋತರೆ ನಿವೇಶನವಾದರೂ ಉಳಿಯುತ್ತದೆ. ತಾಣ ಕಟ್ಟಿಸಿದವನಿಗೆ ಉಳಿಯುವುದು ಗಿರಾಕಿಗಳ ಪಟ್ಟಿ ಮತ್ತು ಅವರ ವಿಶ್ವಾಸ ಮಾತ್ರ.

ವಿಪರ್ಯಾಸವೆಂದರೆ, ಬೂ ಮುಚ್ಚಿದ ಮರುತಿಂಗಳೇ, ಅಂದರೆ 2000ದ ಜೂನ್‌ನಲ್ಲಿ, ಅದೇ ಲಂಡನ್‌ನಲ್ಲಿ ನೆಟ್-ಎ-ಪೋರ್ಟೆ ಮತ್ತು ಏಸಾಸ್ ಎಂಬ ಎರಡು ಉಡುಪು ತಾಣಗಳು ಕಣ್ಣುಬಿಟ್ಟವು. ಮೊದಲನೆಯದನ್ನು ನಟಾಲಿ ಮ್ಯಾಸನೆ ತಮ್ಮ ಫ್ಲ್ಯಾಟಿನಿಂದಲೇ ಆರಂಭಿಸಿದರು. ಎರಡೂ ಮುಂದೆ ಹೆಸರಾಂತ ಸಂಸ್ಥೆಗಳಾಗಿ ಬೆಳೆದವು. ಊರು ಅದೇ, ಕಾಲ ಅದೇ, ಗಿರಾಕಿಗಳೂ ಬಹುಪಾಲು ಅವರೇ. ಆರಂಭದ ಗಾತ್ರ ಮಾತ್ರ ಬೇರೆಯಾಗಿತ್ತು.

ದೊಡ್ಡವರೂ ಎಡವಿದ್ದುಂಟು

ಅನುಭವ ಮತ್ತು ಹಣ ಎರಡೂ ಇದ್ದವರಿಗೂ ಈ ಹಾದಿ ಸಲೀಸಲ್ಲ. ಬ್ರಿಟನ್ನಿನ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಅಮೆಜಾನ್‌ನ ವೇದಿಕೆಯನ್ನು ತೊರೆದು, ಸುಮಾರು 15 ಕೋಟಿ ಪೌಂಡ್ ವೆಚ್ಚದಲ್ಲಿ ಸ್ವಂತ ತಾಣ ಕಟ್ಟಿ, 2014ರ ಫೆಬ್ರವರಿಯಲ್ಲಿ ತೆರೆಯಿತು. ಹಳೆಯ ಗಿರಾಕಿಗಳು ಹೊಸದಾಗಿ ನೋಂದಾಯಿಸಿಕೊಳ್ಳಬೇಕಾಯಿತು. ಅದೇ ವರ್ಷ ಜೂನ್ ಅಂತ್ಯದ 13 ವಾರಗಳಲ್ಲಿ ಸಂಸ್ಥೆಯ ಆನ್‌ಲೈನ್ ಮಾರಾಟ ಶೇ 8.1ರಷ್ಟು ಕುಸಿಯಿತು. ಹೊಸ ತಾಣ ಎಷ್ಟೇ ಚೆನ್ನಾಗಿರಲಿ, ಗಿರಾಕಿಯನ್ನು ಮತ್ತೊಮ್ಮೆ ಬಾಗಿಲಲ್ಲಿ ನಿಲ್ಲಿಸಿ ಹೆಸರು ಕೇಳಿದರೆ ಆತ ಹಿಂತಿರುಗುತ್ತಾನೆ.

ಬೆಂಗಳೂರಿನಲ್ಲೇ ಹುಟ್ಟಿದ ಮಿಂತ್ರಾದ ಕಥೆ ಮತ್ತೊಂದು ಬಗೆಯದು. 2015ರ ಮೇ ತಿಂಗಳಲ್ಲಿ ಅದು ತನ್ನ ಜಾಲತಾಣವನ್ನು ಮುಚ್ಚಿ ಮೊಬೈಲ್ ಆ್ಯಪ್ ಒಂದನ್ನೇ ಉಳಿಸಿಕೊಂಡಿತು. ಒಂದು ವರ್ಷ ಕಳೆಯುವಷ್ಟರಲ್ಲಿ ನಿರ್ಧಾರ ಬದಲಾಯಿತು. 2016ರ ಜೂನ್‌ನಲ್ಲಿ ಗಣಕಯಂತ್ರದ ತಾಣ ಮರಳಿ ಬಂತು. ಫ್ಲಿಪ್‌ಕಾರ್ಟ್‌ನ ಬೆಂಬಲವಿದ್ದ ಮಿಂತ್ರಾ ಅಂಥ ಪ್ರಯೋಗವನ್ನು ತಾಳಿಕೊಂಡಿತು. ನಾಲ್ಕು ಲಕ್ಷ ರೂಪಾಯಿ ಉಳಿತಾಯದ ಹುಬ್ಬಳ್ಳಿಯ ಬ್ರ್ಯಾಂಡ್ ತಾಳಿಕೊಳ್ಳಲಾರದು. ಆದ್ದರಿಂದಲೇ ಸಣ್ಣವರು ಯಾವ ವೆಚ್ಚವನ್ನು ಮಾಡಬಾರದೆಂಬುದನ್ನು ಮೊದಲೇ ತೀರ್ಮಾನಿಸಬೇಕು. ಮೊದಲ ವರ್ಷ ಆ್ಯಪ್ ಬೇಡ, ಮೂರು ಭಾಷೆ ಬೇಡ, ವಿದೇಶಿ ನಾಣ್ಯ ಬೇಡ ಎಂಬ ಪಟ್ಟಿಯೇ ಯೋಜನೆಯ ಮೊದಲ ಪುಟವಾದರೆ ಕ್ಷೇಮ.

ನಾಲ್ಕು ಲಕ್ಷದ ಹಾಸಿಗೆ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತನ್ನು ಅಂಕಿಗಳಲ್ಲಿ ಇಡಲು ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಖಣದ ಕುರ್ತಾ, ರವಿಕೆಗಳನ್ನು ಮಾರುವ ಪುಟ್ಟ ಬ್ರ್ಯಾಂಡ್ ಒಂದರ ಬಳಿ ತಾಣಕ್ಕೆಂದು 4 ಲಕ್ಷ ರೂಪಾಯಿ ಇದೆ. ಬಟ್ಟೆಯ ದಾಸ್ತಾನಿಗೆ ಹಾಕಿದ ಹಣ ಇದರಿಂದ ಹೊರತು. ಈ ಮೊತ್ತವನ್ನು ಹೀಗೆ ಹಂಚಬಹುದು.

ಡೊಮೇನ್ ಹೆಸರು ಮತ್ತು ಸಿದ್ಧ ಮಾರಾಟ ವೇದಿಕೆಯ ಒಂದು ವರ್ಷದ ಬಾಡಿಗೆಗೆ ತೆರಿಗೆ ಸಹಿತ 30 ಸಾವಿರ. ವಿನ್ಯಾಸ ಮತ್ತು ಜೋಡಣೆಗೆ 80 ಸಾವಿರ. 40 ಉಡುಪುಗಳ ಛಾಯಾಚಿತ್ರ, ಅಳತೆಪಟ್ಟಿ, ವಿವರಣೆಗೆ 70 ಸಾವಿರ. ಕಾನೂನು ಮತ್ತು ಲೆಕ್ಕಪರಿಶೋಧಕರ ಸಲಹೆಗೆ 20 ಸಾವಿರ. ಇಲ್ಲಿಗೆ 2 ಲಕ್ಷ. ತಾಣದ ಬಾಗಿಲು ತೆರೆಯುವುದು ಈ ಹಂತದಲ್ಲಿ.

ಉಳಿದ ಅರ್ಧದಲ್ಲಿ ಆರು ತಿಂಗಳ ಪ್ರಚಾರಕ್ಕೆ ತಿಂಗಳಿಗೆ 15 ಸಾವಿರದಂತೆ 90 ಸಾವಿರ. ಮೊದಲ ತಿಂಗಳುಗಳ ಪ್ಯಾಕಿಂಗ್, ಕೊರಿಯರ್ ಮತ್ತು ವಾಪಸಾತಿಗೆ ಚಾಲ್ತಿ ಬಂಡವಾಳವಾಗಿ 50 ಸಾವಿರ. ಎಂದಿಗೂ ಮುಟ್ಟಬಾರದ, ಆದರೆ ಮುಟ್ಟಬೇಕಾಗಿಯೇ ಬರುವ ಆಪದ್ಧನ 60 ಸಾವಿರ. ಒಟ್ಟು 4 ಲಕ್ಷ.

ಈ ಹಂಚಿಕೆಯಲ್ಲಿ ಎರಡು ಅಂಶಗಳು ಗಮನಾರ್ಹ. ಒಂದು, ಛಾಯಾಚಿತ್ರ ಮತ್ತು ಅಳತೆಯ ವೆಚ್ಚ ವಿನ್ಯಾಸದ ವೆಚ್ಚಕ್ಕೆ ಬಹುತೇಕ ಸಮನಾಗಿದೆ. ಅಂಗಡಿಯಲ್ಲಿ ಗಿರಾಕಿ ಬಟ್ಟೆಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಾಳೆ, ಬೆಳಕಿಗೆ ಹಿಡಿದು ಬಣ್ಣ ಪರೀಕ್ಷಿಸುತ್ತಾಳೆ, ಭುಜಕ್ಕೆ ಹಿಡಿದು ಕನ್ನಡಿ ನೋಡುತ್ತಾಳೆ. ತಾಣದಲ್ಲಿ ಈ ಮೂರನ್ನೂ ಚಿತ್ರ ಮತ್ತು ಅಳತೆಪಟ್ಟಿಗಳೇ ಮಾಡಬೇಕು. ಚಿತ್ರದಲ್ಲಿ ಕುಂಕುಮಗೆಂಪಾಗಿ ಕಂಡ ಖಣ ಕೈಗೆ ಬಂದಾಗ ಇಟ್ಟಿಗೆಗೆಂಪಾಗಿದ್ದರೆ ಆ ಉಡುಪು ಮರಳಿ ಬರುತ್ತದೆ. ಛಾಯಾಚಿತ್ರದಲ್ಲಿ ಉಳಿಸಿದ ಹಣ ಕೊರಿಯರ್ ಬಿಲ್ಲಿನಲ್ಲಿ ಹೊರಟುಹೋಗುತ್ತದೆ.

ಎರಡನೆಯದು ಮುಖ್ಯವಾದದ್ದು: ಬಾಗಿಲು ತೆರೆಯುವ ದಿನ ಅರ್ಧ ಹಣ ಕೈಯಲ್ಲೇ ಉಳಿದಿದೆ. ಬಜೆಟ್ಟಿನ ಯಾವ ಸಾಲನ್ನು ಹೇಗೆ ಬದಲಾಯಿಸಿದರೂ ಈ ನಿಯಮವನ್ನು ಮುರಿಯಬಾರದು. ಅದಕ್ಕೆ ಕಾರಣ ಪ್ರತಿ ಆರ್ಡರ್‌ನ ಲೆಕ್ಕದಲ್ಲಿದೆ.

ಒಂದು ಕುರ್ತಾದ ಆದಾಯ

ಅದೇ ಕಲ್ಪಿತ ಬ್ರ್ಯಾಂಡಿನ ಒಂದು ಕುರ್ತಾದ ಬೆಲೆ 2,000 ರೂಪಾಯಿ, ಶೇ 5 ತೆರಿಗೆ ಸೇರಿದರೆ 2,100 ಎಂದಿಟ್ಟುಕೊಳ್ಳೋಣ. ಬಟ್ಟೆ ಮತ್ತು ಹೊಲಿಗೆಗೆ 1,000, ಪ್ಯಾಕಿಂಗ್‌ಗೆ 40, ಕೊರಿಯರ್‌ಗೆ 90, ಪಾವತಿ ಗೇಟ್‌ವೇ ಶುಲ್ಕ ಶೇ 2 ಮತ್ತು ಅದರ ಮೇಲಿನ ತೆರಿಗೆ ಸೇರಿ ಸುಮಾರು 50. ಉಳಿಯುವುದು 820 ರೂಪಾಯಿ. ಕಾಗದದ ಮೇಲೆ ಇದು ಆಕರ್ಷಕ ಲಾಭ.

ಆದರೆ ಭಾರತದ ಗಿರಾಕಿ ಇಂದಿಗೂ ಮನೆ ಬಾಗಿಲಲ್ಲಿ ಹಣ ಕೊಡುವ ಪದ್ಧತಿಯನ್ನು ಕೈಬಿಟ್ಟಿಲ್ಲ. ಹಾಗೆ ಕಳಿಸಿದ ಪೊಟ್ಟಣಗಳಲ್ಲಿ ಕೆಲವು ಬಾಗಿಲವರೆಗೂ ಹೋಗಿ ಹಿಂದಿರುಗುತ್ತವೆ. 100 ಪೊಟ್ಟಣಗಳಲ್ಲಿ 20 ಹಿಂದಿರುಗಿದವೆಂದು ಭಾವಿಸಿದರೆ, ಹೋಗಿಬರುವ ಕೊರಿಯರ್ ಮತ್ತು ಪ್ಯಾಕಿಂಗ್ ಸೇರಿ ಪ್ರತಿಯೊಂದರ ಮೇಲೆ 220 ರೂಪಾಯಿ ನಷ್ಟ. 80 ಮಾರಾಟಗಳ 65,600 ರೂಪಾಯಿ ಗಳಿಕೆಯಿಂದ 4,400 ಕಳೆದರೆ 61,200. ಕಳಿಸಿದ ಪ್ರತಿ ಪೊಟ್ಟಣಕ್ಕೆ 612 ರೂಪಾಯಿ.

ಈಗ ಪ್ರಚಾರದ ಸರದಿ. ಒಂದು ಆರ್ಡರ್ ತರಲು ಜಾಹೀರಾತಿಗೆ 300 ರೂಪಾಯಿ ತಗುಲಿತೆಂದರೆ ಉಳಿಯುವುದು 312. ಬಾಗಿಲು ತೆರೆಯುವ ಮುನ್ನ ಖರ್ಚಾದ 2 ಲಕ್ಷ ಮರಳಿ ಬರಬೇಕಾದರೆ 642 ಆರ್ಡರ್‌ಗಳು ಬೇಕು. ಆದರೆ ಪ್ರಚಾರಕ್ಕಿಟ್ಟ 90 ಸಾವಿರ ರೂಪಾಯಿ ತರಬಲ್ಲದ್ದು 300 ಆರ್ಡರ್‌ಗಳನ್ನು ಮಾತ್ರ. ಜಾಹೀರಾತಿನ ವೆಚ್ಚ ಆರ್ಡರ್‌ಗೆ 650ಕ್ಕೆ ಏರಿದರಂತೂ ಪ್ರತಿ ಮಾರಾಟವೂ ನಷ್ಟವನ್ನೇ ತರುತ್ತದೆ. ವ್ಯಾಪಾರ ಹೆಚ್ಚಿದಷ್ಟೂ ಹೊಂಡ ಆಳವಾಗುತ್ತದೆ.

ಹಾಗಾದರೆ ತಾಣದ ಹಣ ಮರಳುವುದೆಲ್ಲಿಂದ? ಉತ್ತರ ಸರಳ. ಅದೇ ಗಿರಾಕಿ ಎರಡನೆಯ ಬಾರಿ, ಮೂರನೆಯ ಬಾರಿ ಬಂದಾಗ. ಆಕೆಯನ್ನು ಕರೆತರಲು ಜಾಹೀರಾತು ಬೇಕಿಲ್ಲ, ಅಳತೆ ತಿಳಿದಿರುವುದರಿಂದ ಉಡುಪು ವಾಪಸಾಗುವ ಸಂಭವವೂ ಕಡಿಮೆ. ಮೊದಲ ಆರ್ಡರ್ ಜಾಹೀರಾತಿನ ಋಣ ತೀರಿಸುತ್ತದೆ, ಎರಡನೆಯ ಆರ್ಡರ್ ತಾಣದ ಋಣ ತೀರಿಸುತ್ತದೆ. ಎರಡನೆಯ ಆರ್ಡರ್ ಬರುವವರೆಗೆ ಉಸಿರು ಹಿಡಿದಿರಲು ಬೇಕಾದ ಹಣವೇ ಆ ಉಳಿದ ಅರ್ಧ.

ದೊಡ್ಡ ಮಾರುಕಟ್ಟೆ ತಾಣಗಳಲ್ಲಿ ಮಾರುವುದಕ್ಕೂ ಸ್ವಂತ ತಾಣಕ್ಕೂ ಇರುವ ನಿಜವಾದ ವ್ಯತ್ಯಾಸ ಇಲ್ಲಿದೆ. ಅಲ್ಲಿ ಕಮಿಷನ್ ಕೊಟ್ಟರೆ ಗಿರಾಕಿ ಸಿಗುತ್ತಾಳೆ, ಆದರೆ ಆಕೆ ಮಾರುಕಟ್ಟೆಯ ಗಿರಾಕಿ. ಮುಂದಿನ ಬಾರಿ ಪಕ್ಕದ ಮಳಿಗೆಗೆ ಹೋದರೆ ತಡೆಯುವವರಿಲ್ಲ. ಸ್ವಂತ ತಾಣದ ಸಮರ್ಥನೆ ಇರುವುದು ಗಿರಾಕಿಯೊಂದಿಗೆ ನೇರ ಸಂಬಂಧ ಉಳಿಸಿಕೊಳ್ಳುವುದರಲ್ಲಿ. ಮದುವೆ ಅಥವಾ ಸೀಮಂತಕ್ಕೆ ಒಮ್ಮೆ ಮಾತ್ರ ಕೊಳ್ಳುವಂಥ ದುಬಾರಿ ಉಡುಪನ್ನಷ್ಟೇ ಮಾರುವ ಬ್ರ್ಯಾಂಡಿಗೆ ಮರಳಿ ಬರುವ ಗಿರಾಕಿ ವಿರಳ. ಅಂಥವರಿಗೆ ವಾಟ್ಸಾಪ್ ಕ್ಯಾಟಲಾಗ್ ಮತ್ತು ಒಂದೇ ಪುಟದ ಪರಿಚಯ ತಾಣ ಸಾಕಾಗಬಹುದು.

ತೆರಿಗೆಯ ಗಡಿ, ಕಾನೂನಿನ ಗೆರೆ

ಬೆಲೆ ನಿಗದಿಯ ವಿಷಯದಲ್ಲಿ 2025ರ ಜಿಎಸ್‌ಟಿ ಬದಲಾವಣೆ ನೇರ ಪರಿಣಾಮ ಬೀರಿದೆ. ಮೊದಲು 1,000 ರೂಪಾಯಿವರೆಗಿನ ಹೊಲಿದ ಉಡುಪಿಗೆ ಶೇ 5, ಅದಕ್ಕಿಂತ ಹೆಚ್ಚಿನದಕ್ಕೆ ಶೇ 12 ತೆರಿಗೆ ಇತ್ತು. ಹೊಸ ಪದ್ಧತಿಯಲ್ಲಿ 2,500 ರೂಪಾಯಿವರೆಗೆ ಶೇ 5, ಮೇಲಿನದಕ್ಕೆ ಶೇ 18. 2,500 ರೂಪಾಯಿಯ ಕುರ್ತಾಕ್ಕೆ 125 ರೂಪಾಯಿ ತೆರಿಗೆಯಾದರೆ, 2,600ರ ಕುರ್ತಾಕ್ಕೆ 468 ರೂಪಾಯಿ. ಬ್ರ್ಯಾಂಡಿಗೆ 100 ರೂಪಾಯಿ ಹೆಚ್ಚು ಸಿಗಬೇಕಾದರೆ ಗಿರಾಕಿ 443 ರೂಪಾಯಿ ಹೆಚ್ಚು ತೆರಬೇಕು. ಕೈಕಸೂತಿ ಇರುವ ಉಡುಪುಗಳ ಬೆಲೆ ಈ ಗಡಿಯ ಆಸುಪಾಸಿನಲ್ಲಿ ಸುಳಿದಾಡುವುದರಿಂದ ಬೆಲೆಪಟ್ಟಿಯನ್ನು ತಾಣಕ್ಕೆ ಏರಿಸುವ ಮುನ್ನವೇ ಈ ಲೆಕ್ಕ ಮುಗಿದಿರಬೇಕು.

ಅಂಗಡಿಯಲ್ಲಿ ಮಾರುವಾಗ ಅನ್ವಯವಾಗುವ ವಹಿವಾಟಿನ ಮಿತಿ ತಾಣದ ಮೂಲಕ ಬೇರೆ ರಾಜ್ಯಗಳಿಗೆ ಕಳಿಸುವಾಗ ರಕ್ಷಣೆ ಕೊಡುವುದಿಲ್ಲ. ಅಂತರರಾಜ್ಯ ಮಾರಾಟಕ್ಕೆ ಜಿಎಸ್‌ಟಿ ನೋಂದಣಿ ಸಾಮಾನ್ಯವಾಗಿ ಕಡ್ಡಾಯ. ಅಧಿಸೂಚಿತ ಕರಕುಶಲ ವಸ್ತುಗಳಿಗೆ ಮಾತ್ರ ಮಿತಿಯೊಳಗೆ ವಿನಾಯಿತಿ ಇದೆ. ಗ್ರಾಹಕ ರಕ್ಷಣೆಯ 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಅಹವಾಲು ಅಧಿಕಾರಿಯ ಹೆಸರು ಮತ್ತು ಸಂಪರ್ಕ ತಾಣದಲ್ಲಿರಬೇಕು, ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ನೀಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಇಬ್ಬರೇ ಇರುವ ಸಂಸ್ಥೆಯಲ್ಲಿ ಆ ಅಧಿಕಾರಿ ಮಾಲೀಕರೇ ಆಗಿರುತ್ತಾರೆ. ಅಂದರೆ ಬಜೆಟ್ಟಿನಲ್ಲಿ ಅವರ ಸಮಯಕ್ಕೂ ಒಂದು ಬೆಲೆ ಇರಬೇಕು.

ಗಿರಾಕಿಯ ಹೆಸರು, ವಿಳಾಸ, ಅಳತೆಗಳನ್ನು ಕಾಪಾಡುವ ಹೊಣೆಯೂ ಹೆಗಲೇರಿದೆ. 2023ರ ದತ್ತಾಂಶ ರಕ್ಷಣೆ ಕಾಯ್ದೆಯ ನಿಯಮಾವಳಿ ಪ್ರಕಟವಾಗಿದ್ದು, ಮುಖ್ಯ ಬಾಧ್ಯತೆಗಳ ಪಾಲನೆಗೆ 18 ತಿಂಗಳ ಕಾಲಾವಕಾಶ ನೀಡಲಾಗಿದೆ. ಬೇಡದ ವಿವರವನ್ನು ಕೇಳದಿರುವುದೇ ಸಣ್ಣವರಿಗೆ ಅತ್ಯಂತ ಅಗ್ಗದ ರಕ್ಷಣೆ. ಜನ್ಮದಿನಾಂಕ ಕೇಳದ ತಾಣದಿಂದ ಜನ್ಮದಿನಾಂಕ ಸೋರಿಹೋಗುವುದಿಲ್ಲ.

ಕರಾರಿನಲ್ಲಿ ಬರೆಯದಿದ್ದರೆ

ಸಣ್ಣ ಉದ್ಯಮಗಳು ಹಣಕ್ಕಿಂತ ಹೆಚ್ಚಾಗಿ ಹಿಡಿತ ಕಳೆದುಕೊಳ್ಳುವುದು ಕರಾರಿನ ವಿಷಯದಲ್ಲಿ. ಡೊಮೇನ್ ಹೆಸರನ್ನು ತಾಣ ಕಟ್ಟುವವರೇ ತಮ್ಮ ಖಾತೆಯಲ್ಲಿ ಕೊಂಡಿರುತ್ತಾರೆ. ಮನಸ್ತಾಪ ಬಂದ ದಿನ ಬ್ರ್ಯಾಂಡಿನ ಹೆಸರೇ ಬ್ರ್ಯಾಂಡಿನ ಕೈಯಲ್ಲಿರುವುದಿಲ್ಲ. ಡೊಮೇನ್, ವೇದಿಕೆಯ ಮುಖ್ಯ ಖಾತೆ, ಪಾವತಿ ಗೇಟ್‌ವೇ, ಜಾಹೀರಾತು ಖಾತೆ ಈ ನಾಲ್ಕೂ ಮೊದಲ ದಿನದಿಂದಲೇ ಮಾಲೀಕರ ಹೆಸರಿನಲ್ಲಿರಬೇಕು.

ಕೃತಿಸ್ವಾಮ್ಯದ ವಿಷಯ ಇನ್ನೂ ಸೂಕ್ಷ್ಮ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಹಕ್ಕು ಬೇರೆ ಒಪ್ಪಂದವಿಲ್ಲದಿದ್ದರೆ ತೆಗೆಸಿದವರಿಗೇ ಸೇರುತ್ತದೆ. ಆದರೆ ಹೊರಗಿನ ತಂತ್ರಜ್ಞ ಬರೆದ ತಂತ್ರಾಂಶಕ್ಕೆ ಈ ಸೌಲಭ್ಯವಿಲ್ಲ. ಹಣ ಕೊಟ್ಟಿದ್ದರೂ ಲಿಖಿತ ಹಸ್ತಾಂತರವಿಲ್ಲದೆ ಅದರ ಹಕ್ಕು ಬರೆದವರಲ್ಲೇ ಉಳಿಯುತ್ತದೆ. ಹಸ್ತಾಂತರ ಪತ್ರದಲ್ಲಿ ಅವಧಿ ಹೇಳದಿದ್ದರೆ ಕಾಯ್ದೆ ಅದನ್ನು ಐದು ವರ್ಷವೆಂದು ಪರಿಗಣಿಸುತ್ತದೆ. ವ್ಯಾಪ್ತಿ ಹೇಳದಿದ್ದರೆ ಭಾರತಕ್ಕೆ ಸೀಮಿತವೆಂದು. ಒಂದು ಪುಟದ ಕಾಗದದಲ್ಲಿ ಈ ಎರಡು ಸಾಲುಗಳಿದ್ದರೆ ಮುಂದಿನ ತಲೆನೋವು ತಪ್ಪುತ್ತದೆ.

ಹಣ ಪಾವತಿಯೂ ಹಂತಹಂತವಾಗಿರುವುದು ಲೇಸು. ಆರಂಭಕ್ಕೆ ಒಂದು ಕಂತು, ವಿನ್ಯಾಸ ಒಪ್ಪಿಗೆಯಾದಾಗ ಮತ್ತೊಂದು, ನಿಜವಾದ ಹಣದಿಂದ ನಿಜವಾದ ಆರ್ಡರ್ ಪರೀಕ್ಷೆಯಾದಾಗ ಮೂರನೆಯದು, ತೆರೆದು ಒಂದು ತಿಂಗಳಾದ ಮೇಲೆ ಕೊನೆಯದು. ದಿನಾಂಕವನ್ನೂ ಹಬ್ಬದಿಂದ ಹಿಂದಕ್ಕೆ ಎಣಿಸಬೇಕು. ದೀಪಾವಳಿಯ ವ್ಯಾಪಾರಕ್ಕೆ ತಾಣ ಬೇಕೆಂದರೆ ಅದು ಶ್ರಾವಣದಲ್ಲೇ ತೆರೆದಿರಬೇಕು. ಗೌರಿ ಹಬ್ಬದ ಸಣ್ಣ ವ್ಯಾಪಾರದಲ್ಲಿ ತಪ್ಪುಗಳು ಬಯಲಾಗಿ, ದಸರೆಯ ಹೊತ್ತಿಗೆ ತಿದ್ದುಪಡಿಯಾಗಿರಬೇಕು. ಹಬ್ಬದ ವಾರದಲ್ಲಿ ಹೊಸ ತಾಣ ತೆರೆಯುವುದೆಂದರೆ ಮದುವೆಯ ದಿನ ಒಲೆ ಹೂಡಲು ಕಲಿತಂತೆ.

ಕೊನೆಗೂ ಈ ಲೆಕ್ಕದಲ್ಲಿ ಪಣಕ್ಕಿರುವುದು ಮಾಲೀಕರ ಉಳಿತಾಯವೊಂದೇ ಅಲ್ಲ. ಪುಟ್ಟ ಬ್ರ್ಯಾಂಡಿನ ಹಿಂದೆ ಇಳಕಲ್‌ನಲ್ಲಿ ಮಗ್ಗದ ಮುಂದೆ ಕುಳಿತ ನೇಕಾರರಿದ್ದಾರೆ, ಸಂಡೂರಿನಲ್ಲಿ ಸೂಜಿ ಹಿಡಿದ ಮಹಿಳೆಯರಿದ್ದಾರೆ. ತಾಣದ ಮೆರುಗಿಗೆ ಹಣ ಸುರಿದು ಆರು ತಿಂಗಳಲ್ಲಿ ಬ್ರ್ಯಾಂಡ್ ಸೊರಗಿದರೆ ಮೊದಲು ನಿಲ್ಲುವುದು ಅವರಿಗೆ ಹೋಗಬೇಕಾದ ಮುಂದಿನ ಆರ್ಡರ್. ಸರಳವಾದ, ತುಸು ಸಪ್ಪೆಯೇ ಎನ್ನಿಸುವ ತಾಣ ಮೂರು ವರ್ಷ ಬಾಗಿಲು ತೆರೆದಿದ್ದರೆ ಆ ಮಗ್ಗವೂ ಮೂರು ವರ್ಷ ಆಡುತ್ತದೆ. ಮುಂಗಡ ಪತ್ರ ಬರೆಯಲು ಕುಳಿತವರು ಮೊದಲ ಸಾಲಿನಲ್ಲಿ ಬರೆದುಕೊಳ್ಳಬೇಕಾದ ಪ್ರಶ್ನೆ ಇದು: ಬಾಗಿಲು ತೆರೆದ ಮರುದಿನ ಕೈಯಲ್ಲಿ ಎಷ್ಟು ಉಳಿದಿರುತ್ತದೆ?